ಸಂಶೋಧಕರು ಯಾವುದಕ್ಕೆ ಹೆದರುತ್ತಾರೆ?

ಯಾವುದಾದರೂ ವಿಶ್ವವಿದ್ಯಾಲಯದ ಪಿಎಚ್‌.ಡಿ. ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೆ ತಲೆ ತಿರುಗುತ್ತದೆ. ಒಂದು ಸಾಲಿನಲ್ಲಿ ಅತಿಶೀತದಲ್ಲಿ ಮಿಶ್ರಲೋಹವೊಂದರ ಕಾಂತಗುಣ. ಅದರ ಕೆಳಗೇ ತೊಗರಿಯ ಕಾಯಿಕೊರಕ ಹುಳುವಿನ ಹತೋಟಿ. ಅದರ ಕೆಳಗೆ ಮಧ್ಯಕಾಲದ ಶಾಸನಗಳಲ್ಲಿ ಬರುವ ತೆರಿಗೆಗಳು. ಮೂವರಿಗೂ ಸಿಗುವುದು ಒಂದೇ ಪದವಿ, ಹೆಸರಿನ ಮುಂದೆ ಒಂದೇ ‘ಡಾ.’. ಆದರೆ ಮೊದಲಿನವರು ಪ್ರಯೋಗಾಲಯ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಎರಡನೆಯವರು ಎರಡು ಮುಂಗಾರನ್ನು ಹೊಲದಲ್ಲೇ ಕಳೆದಿರುತ್ತಾರೆ. ಮೂರನೆಯವರು ಕಲ್ಲಿನಿಂದ ತೆಗೆದ ಅಚ್ಚುಗಳನ್ನು ಹರಡಿಕೊಂಡು ಕೂತಿರುತ್ತಾರೆ. ಇವರೆಲ್ಲ ಮಾಡಿದ್ದು ಒಂದೇ ಕೆಲಸವೇ?

ಈ ಪ್ರಶ್ನೆಗೆ ಎರಡು ಸೋಮಾರಿ ಉತ್ತರಗಳಿವೆ. ಉಪಕರಣ, ಅಂಕಿ, ಸಮೀಕರಣ ಇರುವುದೇ ನಿಜವಾದ ಸಂಶೋಧನೆ, ಉಳಿದದ್ದು ಅಭಿಪ್ರಾಯ ಎನ್ನುವುದು ಒಂದು. ಎಲ್ಲವೂ ಜ್ಞಾನವೇ, ಅವರವರ ದಾರಿ ಅವರವರಿಗೆ ಎನ್ನುವುದು ಇನ್ನೊಂದು. ಮೊದಲನೆಯದು ಸೊಕ್ಕಿನ ಮಾತು, ಎರಡನೆಯದು ತಪ್ಪಿಸಿಕೊಳ್ಳುವ ಮಾತು. ಒಂದು ಶಾಸ್ತ್ರ ಯಾಕೆ ಹೀಗೆ ಕೆಲಸ ಮಾಡುತ್ತದೆ ಎಂಬುದನ್ನು ಎರಡೂ ಹೇಳುವುದಿಲ್ಲ.

ಅದನ್ನು ತಿಳಿಯಲು ಅದು ಏನನ್ನು ಅಧ್ಯಯನ ಮಾಡುತ್ತದೆ ಎಂದು ಕೇಳುವುದಕ್ಕಿಂತ ಅದು ಯಾವುದಕ್ಕೆ ಹೆದರುತ್ತದೆ ಎಂದು ಕೇಳುವುದು ವಾಸಿ. ಅಂದರೆ, ಆ ವಿಷಯದಲ್ಲಿ ಜಾಣರೂ ಮೋಸ ಹೋಗುವುದು ಎಲ್ಲಿ? ಭೌತವಿಜ್ಞಾನಿಯನ್ನು ಯಾಮಾರಿಸುವುದು ಆಕಸ್ಮಿಕ ಗದ್ದಲ ಮತ್ತು ಅವರದೇ ಉಪಕರಣ. ಕೃಷಿ ವಿಜ್ಞಾನಿಯನ್ನು ಯಾಮಾರಿಸುವುದು ಮಣ್ಣು ಮತ್ತು ಮಳೆ. ಗ್ರಂಥ ಸಂಪಾದಕರನ್ನು ಯಾಮಾರಿಸುವುದು ನಾನೂರು ವರ್ಷ ಹಿಂದಿನ ಲಿಪಿಕಾರ. ಶತ್ರು ಬೇರೆಯಾದ್ದರಿಂದ ಕಾವಲೂ ಬೇರೆ. ವಿಧಾನಗಳ ಈ ವೈವಿಧ್ಯ ಹುಟ್ಟಿದ್ದು ಅಲ್ಲಿಂದ.

35 ಲಕ್ಷಕ್ಕೆ ಒಂದು

2011ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ‘ಒಪೇರಾ’ ಪ್ರಯೋಗದ ವಿಜ್ಞಾನಿಗಳು ತಮಗೇ ನಂಬಲಾಗದ ಫಲಿತಾಂಶವೊಂದನ್ನು ಮುಂದಿಟ್ಟರು. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಿಂದ ಹೊರಟ ನ್ಯೂಟ್ರಿನೊ ಕಣಗಳು ಸುಮಾರು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ, ಬೆಳಕು ತಲುಪಬೇಕಾದ ಹೊತ್ತಿಗಿಂತ ಸುಮಾರು 60 ನ್ಯಾನೊಸೆಕೆಂಡು ಮೊದಲೇ ತಲುಪುತ್ತಿದ್ದವು. ಒಂದೆರಡು ಕಣ ನೋಡಿ ಹೇಳಿದ್ದಲ್ಲ. ಮೂರು ವರ್ಷ ಕಲೆಹಾಕಿದ 15,000ಕ್ಕೂ ಹೆಚ್ಚು ಘಟನೆಗಳ ಲೆಕ್ಕ ಅದು. ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಬಂದಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಬೆಳಕಿಗಿಂತ ವೇಗವಾಗಿ ಏನೂ ಚಲಿಸದು ಎಂದಿದ್ದ ಐನ್‌ಸ್ಟೈನ್ ಸೋತರು ಎಂದು ಸುದ್ದಿಯಾಯಿತು. ಮರುವರ್ಷ ಕಾರಣ ಸಿಕ್ಕಿತು: ಗಡಿಯಾರಕ್ಕೆ ಸಂಕೇತ ಒಯ್ಯುವ ಆಪ್ಟಿಕಲ್ ಫೈಬರ್ ಕೇಬಲ್ ಒಂದರ ಜೋಡಣೆ ಸಡಿಲವಾಗಿತ್ತು.

ಇಲ್ಲಿ ಎರಡು ಬಗೆಯ ಮೋಸಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಆಕಸ್ಮಿಕದ ಮೋಸ. ಅಳತೆಗಳು ತಾವಾಗಿಯೇ ಅತ್ತಿತ್ತ ತೂಗಾಡುತ್ತವೆ, ಒಮ್ಮೊಮ್ಮೆ ಆ ತೂಗಾಟವೇ ಹೊಸ ಸಂಗತಿಯಂತೆ ಕಾಣುತ್ತದೆ. ಇದಕ್ಕೆ ಮದ್ದು ಇನ್ನಷ್ಟು ದತ್ತಾಂಶ. ಇನ್ನೊಂದು ಉಪಕರಣದ ಮೋಸ. ಗಡಿಯಾರವೇ ತಪ್ಪಾಗಿದ್ದರೆ ಕೋಟಿ ಸಲ ಅಳೆದರೂ ಅದೇ ತಪ್ಪು ಕೋಟಿ ಸಲ ಬರುತ್ತದೆ. ಇದಕ್ಕೆ ದತ್ತಾಂಶ ಮದ್ದಲ್ಲ, ಬೇರೆ ಕೈ ಬೇರೆ ಉಪಕರಣದಿಂದ ಅಳೆಯಬೇಕು.

ಕಣಭೌತ ವಿಜ್ಞಾನದ ಶಿಸ್ತು ಈ ಎರಡನ್ನೂ ಎದುರಿಗಿಟ್ಟುಕೊಂಡು ಕಟ್ಟಿದ್ದು. 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಎಂಬ ಮೂಲಕಣ ಸಿಕ್ಕಿತೆಂದು ಘೋಷಿಸಿದಾಗ ಕೇಳಿಬಂದ ‘ಐದು ಸಿಗ್ಮಾ’ ಮೊದಲನೆಯದರ ಕಾವಲು. ಕಣವೇ ಇಲ್ಲದಿದ್ದರೂ ಬರೀ ಹಿನ್ನೆಲೆಯ ಗದ್ದಲದಿಂದ ದತ್ತಾಂಶದ ನಕ್ಷೆಯಲ್ಲಿ ಅಷ್ಟು ದೊಡ್ಡ ಉಬ್ಬು ಕಾಣಿಸುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದು ಎಂದು ಅದರ ಅರ್ಥ. ಎರಡನೆಯದಕ್ಕೆ ಕಾವಲಾಗಿ ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ಶೋಧಕಗಳು. ವಿನ್ಯಾಸ ಬೇರೆ, ತಂಡ ಬೇರೆ. ಸಾಲದ್ದಕ್ಕೆ, ವಿಶ್ಲೇಷಣೆಯ ವಿಧಾನ ಪಕ್ಕಾ ಆಗುವ ತನಕ ದತ್ತಾಂಶದ ಮುಖ್ಯ ಭಾಗವನ್ನು ತಮ್ಮಿಂದಲೇ ಮುಚ್ಚಿಟ್ಟುಕೊಂಡಿದ್ದರು, ಬೇಕಾದ ಉತ್ತರದ ಕಡೆಗೆ ತಿಳಿಯದೆ ವಾಲಬಾರದೆಂದು.

ಇಷ್ಟೆಲ್ಲ ಬೇಕೇ ಎನ್ನುವವರಿಗೆ 2015ರ ಡಿಸೆಂಬರ್‌ನ ಕಥೆ ಸಾಕು. ಅಟ್ಲಾಸ್, ಸಿಎಂಎಸ್ ಎರಡರಲ್ಲೂ 750 ಜಿಇವಿ (ಕಣಗಳ ದ್ರವ್ಯರಾಶಿ ಅಳೆಯುವ ಮಾನ) ಹತ್ತಿರ ಸಣ್ಣ ಉಬ್ಬೊಂದು ಕಾಣಿಸಿತು. ಐದು ಸಿಗ್ಮಾ ಇರಲಿಲ್ಲ. ಆದರೂ ತಡೆದುಕೊಳ್ಳಲಾರದೆ ಸಿದ್ಧಾಂತಿಗಳು ಅದನ್ನು ವಿವರಿಸಿ ನೂರಾರು ಪ್ರಬಂಧ ಬರೆದರು. ಮುಂದಿನ ಆಗಸ್ಟ್ ಹೊತ್ತಿಗೆ ಹೆಚ್ಚು ದತ್ತಾಂಶ ಬಂತು, ಉಬ್ಬು ಮಾಯವಾಯಿತು.

20ಕ್ಕೆ ಒಂದು

ಈಗ ಹೊಲಕ್ಕೆ ಬನ್ನಿ. ಕೃಷಿ ವಿಶ್ವವಿದ್ಯಾಲಯದ ಯಾವ ಪ್ರಬಂಧ ತೆರೆದರೂ ಕೋಷ್ಟಕದ ಕೆಳಗೆ ‘ಸಿ.ಡಿ. 5%’ (ಕ್ರಿಟಿಕಲ್ ಡಿಫರೆನ್ಸ್, ಅಂದರೆ ನಿರ್ಣಾಯಕ ಅಂತರ) ಎಂಬ ಸಾಲು ಇದ್ದೇ ಇರುತ್ತದೆ. ಎರಡು ತಳಿಗಳ ಇಳುವರಿ ಅಂತರ ಈ ಅಂಕಿಯನ್ನು ದಾಟಿದರೆ ಮಾತ್ರ ಅದನ್ನು ನಿಜವಾದ ಅಂತರ ಎಂದು ಒಪ್ಪುತ್ತಾರೆ. 5% ಅಂದರೆ, ಅಂತರವೇ ಇಲ್ಲದಿದ್ದರೂ ಇದೆ ಎನ್ನುವ ತಪ್ಪು 20ಕ್ಕೆ ಒಮ್ಮೆ ಆಗಬಹುದು ಎಂದು ಒಪ್ಪಿಕೊಂಡ ಹಾಗೆ. ಅಲ್ಲಿ 35 ಲಕ್ಷಕ್ಕೆ ಒಂದು, ಇಲ್ಲಿ 20ಕ್ಕೆ ಒಂದು. ಹಾಗಾದರೆ ಕೃಷಿ ವಿಜ್ಞಾನ ಸಡಿಲವೇ?

ಅಲ್ಲ, ಅದರ ಕಷ್ಟವೇ ಬೇರೆ. 1910ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮರ್ಸರ್ ಮತ್ತು ಹಾಲ್ ಎಂಬಿಬ್ಬರು ವಿಚಿತ್ರವೆನಿಸುವ ಕೆಲಸ ಮಾಡಿದರು. ಸಮನಾಗಿ ಕಾಣುವ ಒಂದು ಎಕರೆ ಗೋಧಿ ಬೆಳೆ. ಒಂದೇ ಬೀಜ, ಒಂದೇ ಉಪಚಾರ. ಕೊಯ್ಲಿನ ಹೊತ್ತಿಗೆ ಅದನ್ನು 500 ಸಣ್ಣ ತಾಕುಗಳಾಗಿ ಭಾಗಿಸಿ, ಒಂದೊಂದರ ಕಾಳನ್ನೂ ಬೇರೆಬೇರೆಯಾಗಿ ತೂಗಿದರು. ಹೆಚ್ಚು ಕೊಟ್ಟ ತಾಕಿನ ಇಳುವರಿ ಕಡಿಮೆ ಕೊಟ್ಟದ್ದರ ಹತ್ತಿರ ಹತ್ತಿರ ಎರಡರಷ್ಟಿತ್ತು. ಏನೂ ವ್ಯತ್ಯಾಸ ಮಾಡದ ಕಡೆ ಇಷ್ಟು ವ್ಯತ್ಯಾಸ! ಇದೇ ಎಕರೆಯಲ್ಲಿ ಒಂದು ತಾಕಿಗೆ ಹೊಸ ಗೊಬ್ಬರ ಹಾಕಿ ಪಕ್ಕದ್ದಕ್ಕೆ ಹಾಕದೆ ಹೋಲಿಸಿದ್ದರೆ, ಗೊಬ್ಬರದ ಹೆಸರಿನಲ್ಲಿ ಮಣ್ಣು ಗೆಲ್ಲುತ್ತಿತ್ತು ಇಲ್ಲವೇ ಸೋಲುತ್ತಿತ್ತು.

ಕಣಭೌತ ವಿಜ್ಞಾನಿಗೆ ಎಲೆಕ್ಟ್ರಾನ್‌ಗಳೆಲ್ಲ ಒಂದೇ. ಕೃಷಿ ವಿಜ್ಞಾನಿಗೆ ಎರಡು ಅಡಿ ಆಚೆಗಿನ ಮಣ್ಣೇ ಬೇರೆ. ಮಣ್ಣನ್ನು ಸಮ ಮಾಡುವುದು ಆಗದ ಮಾತು. ಹಾಗಾಗಿ ಅದರ ಅಸಮತೆಯನ್ನು ಒಪ್ಪಿಕೊಂಡೇ ಸರಿಯಾದ ಉತ್ತರ ಪಡೆಯುವ ಉಪಾಯ ಬೇಕಿತ್ತು. 1919ರಲ್ಲಿ ಅದೇ ರಾಥಮ್‌ಸ್ಟೆಡ್‌ಗೆ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಕೊಟ್ಟದ್ದು ಅದನ್ನೇ. ಪ್ರತಿ ಉಪಚಾರವನ್ನೂ (ಪರೀಕ್ಷಿಸುವ ಗೊಬ್ಬರ, ತಳಿ ಇತ್ಯಾದಿ) ಹಲವು ತಾಕುಗಳಲ್ಲಿ ಪುನರಾವರ್ತಿಸಿ. ಹೆಚ್ಚುಕಡಿಮೆ ಒಂದೇ ಥರದ ನೆಲವನ್ನು ಒಂದು ಬ್ಲಾಕ್ ಮಾಡಿ, ಬ್ಲಾಕಿನೊಳಗೇ ಹೋಲಿಸಿ. ಕೊನೆಯದಾಗಿ, ಯಾವ ತಾಕಿಗೆ ಯಾವ ಉಪಚಾರ ಎಂಬುದನ್ನು ನೀವು ಆರಿಸಬೇಡಿ, ಚೀಟಿ ಎತ್ತಿ.

ಚೀಟಿ ಎತ್ತುವುದು ಮೇಲ್ನೋಟಕ್ಕೆ ಬುದ್ಧಿಗೇಡಿತನ. ಹೊಲವನ್ನು ಚೆನ್ನಾಗಿ ಬಲ್ಲ ತಜ್ಞ ಯೋಚಿಸಿ ಹಂಚಿದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲೇ ಇರುವುದು ಸೂಕ್ಷ್ಮ. ತಜ್ಞನಿಗೆ ತಿಳಿದ ದೋಷಗಳನ್ನು ತಜ್ಞ ಸರಿದೂಗಿಸಬಹುದು, ತಿಳಿಯದ್ದನ್ನು ಸರಿದೂಗಿಸಲಾರ. ಚೀಟಿಗೆ ಯಾರ ಮೇಲೂ ಪ್ರೀತಿ ಇಲ್ಲವಾದ್ದರಿಂದ ತಿಳಿದದ್ದನ್ನೂ ತಿಳಿಯದ್ದನ್ನೂ ಸಮನಾಗಿ ಕಲಸಿಬಿಡುತ್ತದೆ. ಉಳಿದ ಏರುಪೇರು ಎಷ್ಟೆಂದು ಲೆಕ್ಕ ಹಾಕುವುದಕ್ಕೂ ಆಗ ಆಧಾರ ಸಿಗುತ್ತದೆ. ಇಪ್ಪತ್ತನೇ ಶತಮಾನದ ದೊಡ್ಡ ಆಲೋಚನೆಗಳಲ್ಲಿ ಇದೊಂದು, ಹುಟ್ಟಿದ್ದು ಗೊಬ್ಬರದ ವಾಸನೆಯ ನಡುವೆ.

ಇನ್ನು ಆ 5%. ಅದು ಅನುಕೂಲಕ್ಕಾಗಿ ಇಟ್ಟುಕೊಂಡ ಗೆರೆ ಎಂಬುದನ್ನು ಫಿಶರ್ ಬಚ್ಚಿಟ್ಟಿರಲಿಲ್ಲ. ಒಂದು ಪ್ರಯೋಗ ಒಮ್ಮೆ ಆ ಗೆರೆ ದಾಟಿದರೆ ಸಾಲದು, ಸರಿಯಾಗಿ ಮತ್ತೆ ಮಾಡಿದಾಗಲೂ ಸಾಮಾನ್ಯವಾಗಿ ದಾಟಬೇಕು ಎಂಬುದು ಅವರ ನಿಲುವು. ಸರ್ನ್‌ನ ಕೊಳವೆಯೊಳಗೆ ಸೆಕೆಂಡಿಗೆ ಕೋಟಿಗಟ್ಟಲೆ ಡಿಕ್ಕಿ. ಹೊಲದಲ್ಲಿ ಒಂದು ಹಂಗಾಮಿಗೆ ಒಂದೇ ಬೆಳೆ. 35 ಲಕ್ಷಕ್ಕೆ ಒಂದು ಎಂಬ ಗೆರೆಗಾಗಿ ಕಾದು ಕೂತರೆ ಯಾವ ತಳಿಯೂ ರೈತರ ಕೈ ಸೇರದು. ಸಾವಿರಾರು ಕಡೆ ಒಟ್ಟಿಗೆ ಹುಡುಕುವ ಭೌತವಿಜ್ಞಾನಿಗೆ ಎಲ್ಲೋ ಒಂದು ಕಡೆ ಸುಳ್ಳು ಉಬ್ಬು ಕಾಣುವುದು ಖಂಡಿತ, ಹಾಗಾಗಿ ಗೆರೆ ಎತ್ತರ. ಹತ್ತು ತಳಿ ಹೋಲಿಸುವವರಿಗೆ ಆ ಅಪಾಯ ಅಷ್ಟಿಲ್ಲ.

ಕೃಷಿ ವಿಜ್ಞಾನ ತನ್ನ ಕಟ್ಟುನಿಟ್ಟನ್ನು ಬೇರೆ ಕಡೆ ಇಟ್ಟಿದೆ. ತಾಕಿನ ಅಂಚಿನ ಸಾಲುಗಳನ್ನು ಇಳುವರಿ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಂಚಿನ ಗಿಡಗಳಿಗೆ ಬಿಸಿಲು, ಗಾಳಿ ಹೆಚ್ಚು ಸಿಕ್ಕು ಅವು ಸುಳ್ಳು ಹೇಳುತ್ತವೆ. ಒಂದೇ ಕುಂಡದ ಐದು ಗಿಡಗಳನ್ನು ಐದು ಪುನರಾವರ್ತನೆ ಎಂದು ಎಣಿಸುವಂತಿಲ್ಲ, ಅವು ಐದೂ ಅದೇ ಮಣ್ಣಿನ ಮಕ್ಕಳು. ಎಲ್ಲಕ್ಕಿಂತ ಮುಖ್ಯ, ಒಂದು ಕೇಂದ್ರದಲ್ಲಿ ಮೊದಲ ಸ್ಥಾನ ಪಡೆದ ತಳಿ ಇನ್ನೊಂದು ಕಡೆ ತೀರಾ ಕೆಳಗಿಳಿಯಬಹುದು. ಅದಕ್ಕೇ ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಪರೀಕ್ಷೆ. ಭಾರತದಲ್ಲಿ 1957ರಲ್ಲಿ ಮೆಕ್ಕೆಜೋಳದಿಂದ ಶುರುವಾದ ಅಖಿಲ ಭಾರತ ಸಮನ್ವಯ ಯೋಜನೆಗಳು ಇದಕ್ಕೆಂದೇ ಇರುವಂಥವು. ಸತ್ಯ ಎಲ್ಲ ಕಡೆ ಒಂದೇ ಇರಬೇಕು ಎನ್ನುವುದು ಭೌತವಿಜ್ಞಾನದ ಹಟ. ಎಲ್ಲಿ, ಯಾವಾಗ, ಎಂಥ ಮಣ್ಣಿನಲ್ಲಿ ಎಂದು ಹೇಳದ ಉತ್ತರ ಉತ್ತರವೇ ಅಲ್ಲ ಎನ್ನುವುದು ಕೃಷಿ ವಿಜ್ಞಾನದ ಹಟ.

ಒಂದು ಭತ್ತದ ಜಾಡು ಹಿಡಿದು ನೋಡಿದರೆ ಎಷ್ಟು ಬಗೆಯ ಸಂಶೋಧನೆ ಒಂದೇ ಎಳೆಯಲ್ಲಿ ಸೇರುತ್ತದೆ ಎಂಬುದು ತಿಳಿಯುತ್ತದೆ. ಒಡಿಶಾದ ನಾಟಿ ಮೂಲದ ಎಫ್‌ಆರ್‌13ಎ ಎಂಬ ಭತ್ತ ಸುಮಾರು ಎರಡು ವಾರ ನೀರಿನಡಿ ಮುಳುಗಿದ್ದರೂ ಸಾಯುವುದಿಲ್ಲ. ಇಳುವರಿ ಮಾತ್ರ ಕಡಿಮೆ. ಅದರ ಗುಣವನ್ನು ಒಳ್ಳೆಯ ತಳಿಗೆ ತರಲು ಹೋದಾಗಲೆಲ್ಲ ಬೇಡದ ಗುಣಗಳೂ ಜೊತೆಗೆ ಬರುತ್ತಿದ್ದವು. ಆ ತಾಳಿಕೆಗೆ ಮುಖ್ಯ ಕಾರಣ ಒಂಬತ್ತನೇ ವರ್ಣತಂತುವಿನ ಮೇಲಿದೆ ಎಂದು 1996ರಲ್ಲಿ ಗುರುತಿಸಿದರು. ಸಬ್1ಎ ಎಂಬ ನಿರ್ದಿಷ್ಟ ಜೀನ್ 2006ರಲ್ಲಿ ಪ್ರಕಟವಾಯಿತು. ನೀರು ಮೇಲೇರಿದಾಗ ಬೇರೆ ಭತ್ತಗಳು ಗಾಬರಿಬಿದ್ದವರಂತೆ ಉದ್ದ ಬೆಳೆದು ಶಕ್ತಿ ಮುಗಿಸಿಕೊಳ್ಳುತ್ತವೆ. ಈ ಜೀನ್ ಇದ್ದದ್ದು ಬೆಳವಣಿಗೆ ನಿಲ್ಲಿಸಿ, ಶಕ್ತಿ ಉಳಿಸಿಕೊಂಡು, ನೀರು ಇಳಿದ ಮೇಲೆ ಚಿಗುರುತ್ತದೆ. ಜನಪ್ರಿಯ ‘ಸ್ವರ್ಣ’ ತಳಿಗೆ ಅದನ್ನಷ್ಟೇ ಸೇರಿಸಿದ ಸ್ವರ್ಣ-ಸಬ್1 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು.

ಜೀವವಿಜ್ಞಾನದ ಕಥೆ ಇಲ್ಲಿಗೆ ಮುಗಿಯಿತು, ಆದರೆ ಸಂಶೋಧನೆ ಮುಗಿಯಲಿಲ್ಲ. ಒಡಿಶಾದಲ್ಲೇ ಹಳ್ಳಿಗಳ ಮಟ್ಟದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೊಂದು ಪ್ರಶ್ನೆ ಕೇಳಿತು: ಇದರ ಲಾಭ ಯಾರಿಗೆ? ನೆರೆ ನಿಲ್ಲುವ ತಗ್ಗು ಜಮೀನು ಹೆಚ್ಚಾಗಿ ಪರಿಶಿಷ್ಟ ಜಾತಿಯ ರೈತರ ಪಾಲಿಗೆ ಬಂದಿರುವುದರಿಂದ, ಈ ತಳಿಯ ಅನುಕೂಲವೂ ಅವರಿಗೇ ಹೆಚ್ಚು ದಕ್ಕುತ್ತದೆ ಎಂದು ಕಂಡುಬಂತು. ಆ ಜಮೀನು ಅವರ ಪಾಲಿಗೇ ಯಾಕೆ ಬಂತು ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಇತಿಹಾಸಕಾರರು. ಜೀನ್ ಹುಡುಕುವ ಯಂತ್ರದಲ್ಲಿ ಆ ಉತ್ತರ ಇಲ್ಲ.

ನಕಲು ಮಾಡಿದವನ ಕೈ

ಮಾನವಿಕ ವಿಷಯಗಳ ಸಂಶೋಧನೆ ಎಂದರೆ ಓದಿ ಅನಿಸಿದ್ದನ್ನು ಬರೆಯುವುದು ಎಂಬ ಕಲ್ಪನೆ ವಿಜ್ಞಾನ ಓದಿದವರಲ್ಲಿ ಗಟ್ಟಿಯಾಗಿ ಕೂತಿದೆ. ಅಂಥವರಿಗೆ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆ ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಮಹಾಭಾರತ ಪರಿಷ್ಕೃತ ಆವೃತ್ತಿಯ ಒಂದೇ ಒಂದು ಪುಟ ತೋರಿಸಿದರೆ ಸಾಕು. ಮೇಲೆ ಕೆಲವೇ ಶ್ಲೋಕಗಳು. ಕೆಳಗೆ ಪುಟದ ಬಹುಪಾಲು ಸಣ್ಣ ಅಕ್ಷರಗಳಲ್ಲಿ ಪಾಠಾಂತರಗಳು: ಯಾವ ಪ್ರತಿಯಲ್ಲಿ ಯಾವ ಪದ, ಯಾವುದರಲ್ಲಿ ಸಾಲೇ ಇಲ್ಲ, ಯಾವುದರಲ್ಲಿ ಎರಡು ಸಾಲು ಹೆಚ್ಚು. 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿದ ಈ ಕೆಲಸಕ್ಕೆ 1,259 ಹಸ್ತಪ್ರತಿಗಳನ್ನು ಬಳಸಿಕೊಂಡರು. 1925ರಿಂದ ಅದರ ಹೊಣೆ ಹೊತ್ತಿದ್ದ ವಿ.ಎಸ್. ಸುಕ್ಥಂಕರ್ ಮುಕ್ತಾಯ ನೋಡಲಿಲ್ಲ, 1943ರಲ್ಲಿ ತೀರಿಕೊಂಡರು.

ಇಲ್ಲಿ ಶತ್ರು ಯಾರು? ನಕಲು ಮಾಡಿದವನು. ಅವನು ನಿದ್ದೆಗಣ್ಣಿನಲ್ಲಿ ಸಾಲು ಬಿಟ್ಟಿರುತ್ತಾನೆ. ಅರ್ಥವಾಗದ ಹಳೆಯ ಪದ ತೆಗೆದು ತನಗೆ ತಿಳಿದದ್ದನ್ನು ಹಾಕಿರುತ್ತಾನೆ. ಭಕ್ತಿ ಹೆಚ್ಚಾಗಿ ನಾಲ್ಕು ಶ್ಲೋಕ ಸೇರಿಸಿರುತ್ತಾನೆ. ಹಾಗಾಗಿ ಎರಡು ಪಾಠಗಳಲ್ಲಿ ಒಂದು ಸುಲಭವಾಗಿ, ಇನ್ನೊಂದು ಕ್ಲಿಷ್ಟವಾಗಿ ಇದ್ದರೆ ಸಂಪಾದಕರ ಅನುಮಾನ ಬೀಳುವುದು ಸುಲಭವಾದದ್ದರ ಮೇಲೆ. ಕಷ್ಟದ್ದನ್ನು ಸುಲಭ ಮಾಡುವ ಲಿಪಿಕಾರರು ಬೇಕಾದಷ್ಟು, ಸುಲಭವಾದದ್ದನ್ನು ಕಷ್ಟ ಮಾಡುವವರು ಅಪರೂಪ.

ಪ್ರತಿಗಳ ಸಂಖ್ಯೆಯೂ ಯಾಮಾರಿಸುತ್ತದೆ. ಹತ್ತು ಪ್ರತಿಗಳಲ್ಲಿ ಒಂದೇ ಪಾಠ ಇದೆ ಎಂದರೆ ಅದೇ ಸರಿ ಎನ್ನುವಂತಿಲ್ಲ. ಹತ್ತೂ ಒಂದೇ ತಾಯಿಪ್ರತಿಯಿಂದ ಇಳಿದಿದ್ದರೆ ಸಾಕ್ಷಿ ಒಂದೇ, ಹತ್ತಲ್ಲ. ಒಂದೇ ಕುಂಡದ ಐದು ಗಿಡಗಳ ವಿಷಯವೂ ಇದೇ ಅಲ್ಲವೇ? ಯಾವ ಪ್ರತಿಗಳು ಒಂದೇ ಮನೆತನದವು ಎಂದು ಗೊತ್ತಾಗುವುದು ಅವು ಹಂಚಿಕೊಂಡ ತಪ್ಪುಗಳಿಂದ. ಬದಲಿಗೆ ಕಾಶ್ಮೀರದ ಶಾರದಾ ಲಿಪಿಯ ಪ್ರತಿಯೂ ಕೇರಳದ ಮಲಯಾಳಂ ಲಿಪಿಯ ಪ್ರತಿಯೂ, ಒಂದರ ಗಾಳಿ ಒಂದಕ್ಕೆ ಸೋಕಿರುವ ಸಾಧ್ಯತೆ ಕಡಿಮೆ ಇರುವಾಗ, ಒಂದೇ ಮಾತು ಹೇಳಿದರೆ ಅದು ಹಳೆಯದೆಂಬ ಭರವಸೆ ಬರುತ್ತದೆ. ಅಟ್ಲಾಸ್ ಮತ್ತು ಸಿಎಂಎಸ್ ಕಟ್ಟಿದ್ದು ಇದೇ ತರ್ಕದ ಮೇಲೆ.

ವ್ಯಾಸರು ಹೇಳುತ್ತಾ ಹೋಗುವುದು, ಗಣಪತಿ ಬರೆದುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಪ್ರಸಂಗ. ಪುಣೆಯ ಆವೃತ್ತಿಯಲ್ಲಿ ಅದು ಮೂಲಪಾಠದಲ್ಲಿ ಇಲ್ಲ, ಅನುಬಂಧದಲ್ಲಿದೆ. ಪ್ರತಿಗಳ ಸಾಕ್ಷ್ಯ ಅದಕ್ಕೆ ಸಾಲಲಿಲ್ಲ. ಒಪ್ಪದವರಿಗೂ ಅಲ್ಲಿ ದಾರಿ ಇದೆ. ಹೊರಗಿಟ್ಟ ಪ್ರತಿ ಪಾಠವನ್ನೂ ಸಂಪಾದಕರು ಮುದ್ರಿಸಿಯೇ ಇದ್ದಾರೆ, ಅವರ ತೀರ್ಮಾನ ತಪ್ಪೆಂದು ತೋರಿಸಲು ಬೇಕಾದ ಸಾಮಗ್ರಿ ಅವರ ಪುಸ್ತಕದಲ್ಲೇ ಸಿಗುತ್ತದೆ. ದತ್ತಾಂಶವನ್ನು ಮುಕ್ತವಾಗಿಡಬೇಕು ಎಂದು ವಿಜ್ಞಾನ ಪತ್ರಿಕೆಗಳು ಈಚೆಗೆ ಒತ್ತಾಯ ಮಾಡುತ್ತಿವೆ. ಗ್ರಂಥ ಸಂಪಾದಕರು ಅದನ್ನು ಬಹಳ ಹಿಂದೆಯೇ ಮಾಡಿಕೊಂಡು ಬಂದಿದ್ದಾರೆ, ಯಾರೂ ಹೊಗಳಲಿಲ್ಲ ಅಷ್ಟೆ.

ಶಾಸನಗಳಲ್ಲಿ ಬೇರೊಬ್ಬ ಕಳ್ಳ ಇದ್ದಾನೆ. ಭೂಮಿಯ ಹಕ್ಕಿಗಾಗಿ ಹಿಂದಿನ ರಾಜನ ಹೆಸರಿನಲ್ಲಿ ಕೂಟ (ಖೋಟಾ) ತಾಮ್ರಪಟ ಬರೆಸಿದವನು. ಅವನನ್ನು ಹಿಡಿಯುವುದು ಅಕ್ಷರಗಳ ಆಕಾರ, ಭಾಷೆ ಮತ್ತು ಪಂಚಾಂಗ. ಪಟದಲ್ಲಿ ಹೇಳಿದ ತಿಥಿಯೂ ವಾರವೂ ಹೊಂದುತ್ತವೆಯೇ ಎಂದು ಖಗೋಳ ಗಣಿತದಿಂದ ಲೆಕ್ಕ ಹಾಕುತ್ತಾರೆ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟವೆಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದರೆ, ಇನ್ನೊಬ್ಬ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ.

ಮುಂಚೆಯೇ ಊಹಿಸಿದ್ದು ಆಮೇಲೆ ನಿಜವಾಗುವುದು ವಿಜ್ಞಾನದ ಲಕ್ಷಣ ಎನ್ನುತ್ತಾರೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಇವನು ಅಶೋಕನೇ ಎಂದು ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ಊಹಿಸಿದರು. ಆ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರೂ ಇರುವ ಶಾಸನ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತು, ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಣ್ಣಿಗೆ. ಊಹೆಗೂ ಸಾಕ್ಷ್ಯಕ್ಕೂ ನಡುವೆ 78 ವರ್ಷ. 1964ರಲ್ಲಿ ಕಾಗದದ ಮೇಲಿದ್ದ ಹಿಗ್ಸ್ ಕಣ ಕಾಣಲು ಹಿಡಿದದ್ದು 48.

ಆದರೆ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ಪಾಠ ಯಾವುದು, ಕಾಲ ಯಾವುದು ಎಂಬಲ್ಲಿ ಮಾನವಿಕ ಸಂಶೋಧನೆಗೆ ಸರಿ–ತಪ್ಪು ಇದೆ. ಅರ್ಥ ಏನು ಎಂಬಲ್ಲಿಗೆ ಬಂದಾಗ ಆಟ ಬದಲಾಗುತ್ತದೆ. ಒಂದೇ ದಾನಶಾಸನವನ್ನು ಒಬ್ಬರು ರಾಜವಂಶಕ್ಕಾಗಿ, ಇನ್ನೊಬ್ಬರು ತೆರಿಗೆಗಾಗಿ, ಮತ್ತೊಬ್ಬರು ಭಾಷೆಯ ಬದಲಾವಣೆಗಾಗಿ ಓದುತ್ತಾರೆ. ದಾನ ಕೊಡುವ ಮೊದಲು ಆ ಭೂಮಿಯನ್ನು ಉಳುತ್ತಿದ್ದವರು ಏನಾದರು ಎಂದು ಕೇಳಲು ಇನ್ನೊಂದು ತಲೆಮಾರು ಬರಬೇಕಾಗುತ್ತದೆ. ಇವು ಒಂದನ್ನೊಂದು ರದ್ದು ಮಾಡುವುದಿಲ್ಲ. ಇಲ್ಲಿ ದೊಡ್ಡ ಶತ್ರು ಸಂಶೋಧಕರ ಸ್ವಂತ ಕಾಲ: ಇವತ್ತಿನ ಗಡಿ, ಜಾತಿ, ರಾಷ್ಟ್ರಗಳ ಕಲ್ಪನೆಯನ್ನು ಎಂಟುನೂರು ವರ್ಷ ಹಿಂದಿನವರ ತಲೆಯೊಳಗೆ ತುಂಬಿಬಿಡುವುದು. ಅದಕ್ಕೆ ಇರುವ ಮದ್ದು ವಾದ, ಪ್ರತಿವಾದ ಮಾತ್ರ. ಐದು ಸಿಗ್ಮಾ ಅಲ್ಲಿ ಸಿಗುವುದಿಲ್ಲ.

ಗಣಿತದ ಮಾತು ಎರಡೇ ಸಾಲಿನದು. ಅದರ ಭಯ ಸಾಧನೆಯ ಮಧ್ಯೆ ಅಡಗಿರುವ ಬಿರುಕು. 1998ರಲ್ಲಿ ಥಾಮಸ್ ಹೇಲ್ಸ್, ಗೋಲಗಳನ್ನು ಅತಿ ಒತ್ತಾಗಿ ಜೋಡಿಸುವ ಬಗೆ ಕುರಿತ ಕೆಪ್ಲರ್ ಊಹೆಯನ್ನು ಕಂಪ್ಯೂಟರ್ ನೆರವಿನಿಂದ ಸಾಧಿಸಿದಾಗ, ಪರಿಶೀಲಕರ ತಂಡ ವರ್ಷಗಟ್ಟಲೆ ಹೆಣಗಿ ಕೊನೆಗೆ 99% ಖಚಿತ ಎಂದಿತು. ಬೇರೆ ಯಾವ ಶಾಸ್ತ್ರಕ್ಕಾದರೂ ಅದು ಹಬ್ಬ, ಗಣಿತಕ್ಕೆ ಅವಮಾನ. ಹೇಲ್ಸ್ ತಂಡ 2014ರವರೆಗೂ ದುಡಿದು ಪ್ರತಿ ಹೆಜ್ಜೆಯನ್ನೂ ಯಂತ್ರದಿಂದಲೇ ಪರಿಶೀಲಿಸಿ ಮುಗಿಸಿತು.

ಮನೋವಿಜ್ಞಾನದ ಶತ್ರು ಹೆಚ್ಚು ಮುಜುಗರದ್ದು: ಸಂಶೋಧಕರ ಆಸೆ. ಯಾರನ್ನು ಲೆಕ್ಕದಿಂದ ಬಿಡಬೇಕು, ಯಾವುದನ್ನು ಯಾವುದಕ್ಕೆ ಹೋಲಿಸಬೇಕು ಎಂಬಲ್ಲಿ ಸ್ವಲ್ಪ ಸಡಿಲ ಸಿಕ್ಕರೂ 5% ಗೆರೆ ದಾಟಿಸಿಬಿಡಬಹುದು. 2015ರಲ್ಲಿ ಸಂಶೋಧಕರ ದೊಡ್ಡ ಒಕ್ಕೂಟವೊಂದು 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ನಡೆಸಿತು. ಮೂಲದಲ್ಲಿ 97 ಗೆರೆ ದಾಟಿದ್ದವು, ಮರುಪ್ರಯೋಗದಲ್ಲಿ ದಾಟಿದ್ದು ಸುಮಾರು 36% ಮಾತ್ರ. ಏನು ಅಳೆಯುತ್ತೇವೆ, ಹೇಗೆ ಲೆಕ್ಕ ಹಾಕುತ್ತೇವೆ ಎಂದು ಮೊದಲೇ ನೋಂದಾಯಿಸುವ ಪದ್ಧತಿ ಅಲ್ಲಿ ಬೇರೂರಿದ್ದು ಇಂಥ ಪೆಟ್ಟುಗಳಿಂದ.

ಕಾವಲು ಬೇರೆಯಾದರೂ ಶಾಸ್ತ್ರಗಳು ಒಂದರ ಆಯುಧವನ್ನು ಇನ್ನೊಂದು ಕೇಳಿ ಪಡೆಯುತ್ತಲೇ ಇವೆ. ಫಿಶರ್ ಅವರ ಚೀಟಿ ಹೊಲದಿಂದ ಆಸ್ಪತ್ರೆಗೆ ಹೋಯಿತು. 1948ರಲ್ಲಿ ಪ್ರಕಟವಾದ, ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗದಲ್ಲಿ ಯಾರಿಗೆ ಔಷಧ ಎಂಬುದನ್ನು ವೈದ್ಯರು ಆರಿಸಲಿಲ್ಲ. ಅಲ್ಲಿಂದ ಅದು ಬಡತನದ ಅಧ್ಯಯನಕ್ಕೆ ಬಂತು. 2019ರ ಅರ್ಥಶಾಸ್ತ್ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರ ಹೆಸರು ಅದರ ಜೊತೆ ಸೇರಿಹೋಗಿದೆ. 1998ರಲ್ಲಿ ಜೀವವಿಕಾಸದ ವಂಶವೃಕ್ಷ ಬಿಡಿಸುವ ತಂತ್ರವನ್ನು ಇಂಗ್ಲಿಷ್ ಕವಿ ಚಾಸರ್‌ನ ಕಾವ್ಯದ ಹಸ್ತಪ್ರತಿಗಳಿಗೆ ಹಚ್ಚಿದರು. ನಕಲಿನ ತಪ್ಪು ಓಲೆಯಲ್ಲಾದರೇನು, ಡಿಎನ್‌ಎಯಲ್ಲಾದರೇನು, ತರ್ಕ ಒಂದೇ. ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಇಂದಿಗೂ ಗೋಧಿ ಬೆಳೆಯುತ್ತಿರುವ ಬ್ರಾಡ್‌ಬಾಕ್ ಹೊಲ ಇದೆ, ಅದರ ಮಾದರಿಗಳನ್ನು ವರ್ಷ ವರ್ಷ ತೆಗೆದಿಟ್ಟಿದ್ದಾರೆ. ಆ ಹಳೆಯ ಗೋಧಿಯಲ್ಲಿ ಉಳಿದಿದ್ದ ಎರಡು ರೋಗಕಾರಕ ಶಿಲೀಂಧ್ರಗಳ ಡಿಎನ್‌ಎ ಅಳೆದು 2005ರಲ್ಲಿ ಪ್ರಕಟಿಸಿದಾಗ, ಅವುಗಳ ನಡುವಿನ ಪ್ರಮಾಣ ಗಾಳಿಗೆ ಸೇರುತ್ತಿದ್ದ ಗಂಧಕದ ಡೈಆಕ್ಸೈಡ್‌ನ ಏರಿಳಿತದ ಜೊತೆಗೇ ಬದಲಾಗಿದ್ದು ಕಂಡಿತು. ಗೊಬ್ಬರದ ಪ್ರಶ್ನೆಗೆ ಕಾಳು ಕೂಡಿಟ್ಟವರಿಗೆ ಕೈಗಾರಿಕೆಯ ಹೊಗೆಯ ಇತಿಹಾಸ ಕೂಡಿಡುತ್ತಿದ್ದೇವೆ ಎಂಬ ಕಲ್ಪನೆ ಇರಲು ಸಾಧ್ಯವೇ ಇರಲಿಲ್ಲ, ಡಿಎನ್‌ಎ ಎಂಬುದೇ ಆಗ ತಿಳಿದಿರಲಿಲ್ಲ.

ಅಳೆಯುವ ಕೋಲು

ಇಷ್ಟು ಬೇರೆಬೇರೆಯಾಗಿರುವ ಕೆಲಸಗಳನ್ನು ಆಡಳಿತಗಾರರು ಒಂದೇ ಕೋಲಿನಲ್ಲಿ ಅಳೆಯಲು ಹೊರಟಾಗ ತಮಾಷೆ ಶುರುವಾಗುತ್ತದೆ. ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು.

ಲೇಖಕರ ಹೆಸರನ್ನೇ ತೆಗೆದುಕೊಳ್ಳಿ. ಹಿಗ್ಸ್ ಕಣದ ದ್ರವ್ಯರಾಶಿ ಕುರಿತು ಅಟ್ಲಾಸ್ ಮತ್ತು ಸಿಎಂಎಸ್ 2015ರಲ್ಲಿ ಒಟ್ಟಾಗಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳು. ಗಣಿತದಲ್ಲಿ ಲೇಖಕರು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿ, ಮೊದಲು ಬಂದದ್ದಕ್ಕೆ ವಿಶೇಷ ಅರ್ಥವಿಲ್ಲ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೈಕೆಸರು ಮಾಡಿಕೊಂಡವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು, ಮಧ್ಯದವರ ಪಾಡು ಅವರಿಗೇ ಗೊತ್ತು. ಇತಿಹಾಸ, ಸಾಹಿತ್ಯದಲ್ಲಿ ಬಹುತೇಕ ಒಬ್ಬರೇ, ಅದೂ ಪ್ರಬಂಧಕ್ಕಿಂತ ಪುಸ್ತಕಕ್ಕೆ ತೂಕ ಹೆಚ್ಚು. ‘ಪ್ರಥಮ ಲೇಖಕರಿಗೆ ಇಷ್ಟು ಅಂಕ’ ಎಂಬ ನಿಯಮ ಇವರೆಲ್ಲರಿಗೂ ಅನ್ವಯ ಎಂದರೆ ಯಾರಿಗೆ ನ್ಯಾಯ?

ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹೀಗಿದೆ: ಒಂದು ಪತ್ರಿಕೆ ಹಿಂದಿನ ಎರಡು ವರ್ಷ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು. ಅಂದರೆ ಎರಡೇ ವರ್ಷದ ಕಿಟಕಿ. ಜೀವಕೋಶದ ಸಂಶೋಧನೆಗೆ ಎರಡು ವರ್ಷ ದೊಡ್ಡ ಅವಧಿ. ಮಾವಿನ ಬೇರುಸಸಿಯ ಪ್ರಯೋಗದಲ್ಲಿ ಅಷ್ಟರೊಳಗೆ ಗಿಡ ಫಲಕ್ಕೇ ಬಂದಿರುವುದಿಲ್ಲ. ಗಣಿತದ ಪ್ರಬಂಧವನ್ನು ಇನ್ನೊಬ್ಬರು ಓದಿ ಅರಗಿಸಿಕೊಳ್ಳಲು ಅಷ್ಟು ಬೇಕು. ಒಳ್ಳೆಯ ಗ್ರಂಥ ಸಂಪಾದನೆಯನ್ನು ಐವತ್ತು ವರ್ಷದ ನಂತರವೂ ಉಲ್ಲೇಖಿಸುತ್ತಿರುತ್ತಾರೆ, ಕಿಟಕಿಗೆ ಅದು ಕಾಣುವುದೇ ಇಲ್ಲ. ಬಿಡಿ ಸಂಶೋಧಕರನ್ನು ಈ ಅಂಕಿಯಿಂದ ತೂಗಬೇಡಿ ಎಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಕೇಳಿಕೊಂಡಿತು. ಸಹಿ ಹಾಕಿದವರು ಬಹಳ, ಅಭ್ಯಾಸ ಬಿಟ್ಟವರು ಕಡಿಮೆ ಎಂಬುದು ನನ್ನ ಗ್ರಹಿಕೆ. 1964ರ ನಂತರ ಹತ್ತು ಪ್ರಬಂಧವನ್ನೂ ಪ್ರಕಟಿಸದ ಪೀಟರ್ ಹಿಗ್ಸ್, ಇಂದಿನ ವ್ಯವಸ್ಥೆಯಲ್ಲಿ ತನಗೆ ಕೆಲಸವೇ ಸಿಗುತ್ತಿರಲಿಲ್ಲ ಎಂಬರ್ಥದ ಮಾತನ್ನು ನೊಬೆಲ್ ಪಡೆದ ವರ್ಷವೇ ಆಡಿದ್ದರು.

ಓದುಗರಿಗೆ ಇದರಿಂದ ಆಗಬೇಕಾದ್ದೇನು? ‘ಸಂಶೋಧನೆಯಿಂದ ಸಾಬೀತು’ ಎಂಬ ತಲೆಬರಹ ಕಂಡಾಗ ಎಲ್ಲಕ್ಕೂ ಒಂದೇ ಪ್ರಶ್ನೆ ಕೇಳದಿರುವುದು. ಭೌತವಿಜ್ಞಾನದ ಸುದ್ದಿಯಾದರೆ, ಬೇರೆ ಉಪಕರಣದಿಂದ ಬೇರೆ ತಂಡ ಇದನ್ನು ಕಂಡಿದೆಯೇ? ಹೊಸ ತಳಿಯ ಸುದ್ದಿಯಾದರೆ, ಎಷ್ಟು ಸ್ಥಳಗಳಲ್ಲಿ, ಎಷ್ಟು ಹಂಗಾಮು ನೋಡಿದರು, ಅದರಲ್ಲಿ ಮಳೆ ಕೈಕೊಟ್ಟ ವರ್ಷ ಒಂದಾದರೂ ಇತ್ತೇ? ಮನಸ್ಸು, ನಡವಳಿಕೆಯ ಸುದ್ದಿಯಾದರೆ, ಏನು ಹುಡುಕುತ್ತೇವೆಂದು ಮೊದಲೇ ಬರೆದಿಟ್ಟಿದ್ದರೇ, ಇನ್ನೊಬ್ಬರು ಮಾಡಿ ನೋಡಿದರೇ? ‘ಇತಿಹಾಸವನ್ನೇ ಬದಲಿಸುವ ಶಾಸನ ಪತ್ತೆ’ ಎಂದಿದ್ದರೆ, ಅದರ ಅಚ್ಚನ್ನು ಪ್ರಕಟಿಸಿದ್ದಾರೆಯೇ, ಅಕ್ಷರಗಳ ಕಾಲ ಯಾವುದು, ಹೇಳುತ್ತಿರುವ ಘಟನೆಗೂ ಕೆತ್ತಿದ ಕಾಲಕ್ಕೂ ಎಷ್ಟು ವರ್ಷ ಅಂತರ, ಒಡೆದುಹೋದ ಅಕ್ಷರಗಳನ್ನು ಸಂಪಾದಕರು ಊಹಿಸಿ ತುಂಬಿದ್ದರೆ ಅವನ್ನು ಕಂಸದೊಳಗೆ ಬೇರೆ ಮಾಡಿ ತೋರಿಸಿದ್ದಾರೆಯೇ? ತಲೆಬರಹವಾದ ಹೆಸರು ಒಮ್ಮೊಮ್ಮೆ ಆ ಕಂಸದೊಳಗಿನದೇ ಆಗಿರುತ್ತದೆ.